ಮೈಸೂರಲ್ಲಿ 2 ಅಡಿ ಉಪ್ಪುನೀರಿನ ಟ್ಯಾಂಕ್: ಮೊದಲ ಸಲ ಇಡ್ತಿದೀನಿ, ಗೊತ್ತಿರೋರು ದಯವಿಟ್ಟು ಹೇಳಿ

ಸಂಪಿಗೆಮರ (ಕುವೆಂಪುನಗರ, ಮೈಸೂರು)

ಎಲ್ರಿಗೂ ನಮಸ್ಕಾರ. ನಮ್ಮನೇಲಿ ಆರು ವರ್ಷದಿಂದ ಸಿಹಿನೀರಿನ ಟ್ಯಾಂಕ್ ಇದೆ, ಗಪ್ಪಿ, ಬ್ಲ್ಯಾಕ್ ಮಾಲಿ, ಒಂದು ಜೋಡಿ ಏಂಜೆಲ್, ಅದೆಲ್ಲ ಚೆನ್ನಾಗೇ ನಡ್ಕೊಂಡು ಹೋಗ್ತಿದೆ. ಈಗ ಮಗಳಿಗೆ (2ನೇ ಕ್ಲಾಸು) ಆ ಕಿತ್ತಳೆ ಮೈಮೇಲೆ ಬಿಳಿ ಪಟ್ಟೆ ಇರೋ ಕ್ಲೌನ್ ಮೀನು ಬೇಕಂತೆ, ನಿಜ ಹೇಳ್ಬೇಕಂದ್ರೆ ನನಗೂ ತುಂಬಾ ದಿನದಿಂದ ಆಸೆ ಇತ್ತು.

ಕಳೆದ ವಾರ ಒಂದು ಅಂಗಡಿಗೆ ಹೋಗಿ ಕೇಳ್ದೆ. ಅವ್ರು ಒಂದು ಅಡಿ ಟ್ಯಾಂಕ್ ತೋರ್ಸಿ, ಸಾರ್ ಇದ್ರಲ್ಲೇ ಆಗತ್ತೆ, ಉಪ್ಪು ನಾವೇ ಕೊಡ್ತೀವಿ, ಇವತ್ತು ನೀರು ಹಾಕಿ ಇವತ್ತೇ ಮೀನು ಬಿಡಿ, ಎರಡು ಕ್ಲೌನ್, ಎರಡು ನೀಲಿ ಡ್ಯಾಮ್ಸೆಲ್, ಒಂದು ನೀಲಿ ಟ್ಯಾಂಗ್ ಆರಾಮಾಗಿ ಇರ್ತವೆ ಅಂದ್ರು. ಸಿಹಿನೀರಿನ ಟ್ಯಾಂಕನ್ನೇ ನಾನು ಹಂಗೆ ಶುರು ಮಾಡಿಲ್ಲ, ಅದಕ್ಕೆ ಏನೂ ತಗೊಳ್ದೆ ವಾಪಸ್ ಬಂದೆ.

ನನ್ನತ್ರ ಈಗ ಖಾಲಿ ಇರೋದು 2 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕು, 8 ಎಂಎಂ ಗಾಜು. ನಲ್ಲೀಲಿ ಕಾವೇರಿ ನೀರು, ಕುಡಿಯೋಕೆ ಮನೇಲಿ ಆರ್‌ಓ ಫಿಲ್ಟರ್ ಇದೆ. ಭಾವ ತಿಂಗಳಿಗೊಂದ್ ಸಲ ಮಂಗಳೂರಿಗೆ ಹೋಗಿ ಬರ್ತಾರೆ, ಸಮುದ್ರದ ನೀರೇ ಕ್ಯಾನಲ್ಲಿ ತಂದ್ಕೊಡ್ತೀನಿ ಅಂತಿದಾರೆ. ಅದನ್ನ ಹಾಕ್ಬಹುದಾ? ಇಲ್ಲಾ ಉಪ್ಪು ಕೊಂಡ್ಕೊಂಡು ಕಲಸ್ಬೇಕಾ? ಬೇಸಿಗೇಲಿ ಚಿಲ್ಲರ್ (ನೀರು ತಣ್ಣಗೆ ಮಾಡೋ ಮಷೀನು) ಇಲ್ದೆ ಆಗತ್ತಾ? ಹಣ ಖರ್ಚಾದ್ರೂ ಪರ್ವಾಗಿಲ್ಲ, ಮಗು ಮುಂದೆ ಮೀನು ಸಾಯ್ಬಾರ್ದು, ಅದೊಂದೇ.

---

ಕಡಲ್ಮನೆ (ಊರು ಉಳ್ಳಾಲ, ಈಗ ಮೈಸೂರು ವಿಜಯನಗರ)

ಸರ್, ವಾಪಸ್ ಬಂದಿದ್ದು ತುಂಬಾ ಒಳ್ಳೇದಾಯ್ತು. ಆ ಒಂದಡಿ ಟ್ಯಾಂಕಲ್ಲಿ ಅಷ್ಟು ಮೀನು ಬಿಟ್ಟಿದ್ರೆ ಒಂದು ವಾರ ಉಳೀತಿರ್ಲಿಲ್ಲ. ನೀಲಿ ಟ್ಯಾಂಗ್ ಅಂಗಡೀಲಿ ಎರಡಿಂಚು ಇರತ್ತೆ, ಆದ್ರೆ ಅದು ಬೆಳ್ದ್ರೆ ಒಂದಡಿ ಹತ್ರ ಹೋಗೋ ಮೀನು, ದಿನವಿಡೀ ಈಜೋ ಜಾತಿ, ನಿಮ್ಮ 2 ಅಡಿ ಟ್ಯಾಂಕಿಗೂ ಅದು ಬೇಡವೇ ಬೇಡ. ನೀಲಿ ಡ್ಯಾಮ್ಸೆಲ್ ಕಮ್ಮಿ ರೇಟು, ಗಟ್ಟಿ ಜೀವ ಅಂತ ಎಲ್ರಿಗೂ ಮೊದಲು ಅದನ್ನೇ ಕೊಡ್ತಾರೆ, ಆದ್ರೆ ಅದು ಒಂದ್ ಮೂಲೆ ಹಿಡ್ಕೊಂಡ್ರೆ ಆಮೇಲೆ ಬಂದ ಮೀನನ್ನೆಲ್ಲ ಅಟ್ಟಾಡ್ಸಿ ಕಚ್ಚತ್ತೆ, ಹಿಡಿದು ಹೊರಗೆ ತೆಗೀಬೇಕಂದ್ರೆ ಕಲ್ಲೆಲ್ಲ ಎತ್ಬೇಕು.

ನಿಮ್ಮ ಟ್ಯಾಂಕ್ ಸೈಜು ಶುರುಗೆ ಸರಿಯಾಗಿದೆ. ಲೆಕ್ಕ ಹಾಕಿದ್ರೆ ಪೂರ್ತಿ ತುಂಬಿದ್ರೆ ಸುಮಾರು 120 ಲೀಟರ್ ಹಿಡ್ಸತ್ತೆ, ಕಲ್ಲು ಮರಳು ಹಾಕಿ ಮೇಲೆ ಸ್ವಲ್ಪ ಖಾಲಿ ಬಿಟ್ರೆ ನೀರು ಸುಮಾರು 100 ಲೀಟರ್. ಗಾಜು, ಕಲ್ಲು, ನೀರು ಎಲ್ಲಾ ಸೇರಿ 150 ಕೆಜಿ ಹತ್ರ ಬರತ್ತೆ, ಹಳೇ ಟಿವಿ ಸ್ಟ್ಯಾಂಡ್ ಮೇಲೆ ಇಡ್ಬೇಡಿ, ಕಬ್ಬಿಣದ ಸ್ಟ್ಯಾಂಡ್ ವೆಲ್ಡ್ ಮಾಡ್ಸಿ ಎರಡು ಕೋಟ್ ಎಪಾಕ್ಸಿ ಪೇಂಟ್ ಹೊಡ್ಸಿ, ಉಪ್ಪು ಗಾಳಿಗೆ ಬರೀ ಕಬ್ಬಿಣ ಬೇಗ ತುಕ್ಕು ಹಿಡಿಯತ್ತೆ.

ಈಗ ಸಮುದ್ರದ ನೀರಿನ ವಿಷ್ಯ. ನಾನು ಆ ಕಡೆಯವ್ನೇ, ಅದಕ್ಕೇ ಹೇಳ್ತೀನಿ, ಬೇಡ. ಮಂಗಳೂರು ಹತ್ರ ನೇತ್ರಾವತಿ, ಫಲ್ಗುಣಿ ಎರಡೂ ಬಂದು ಸೇರೋದು ಒಂದೇ ಅಳಿವೆಗೆ. ಮಳೆಗಾಲದಲ್ಲಿ ದಡದ ನೀರು ಎಷ್ಟು ಸಪ್ಪೆ ಆಗಿರತ್ತೆ ಅಂದ್ರೆ ಬಾಯಿಗೆ ಹಾಕಿದ್ರೇನೇ ಗೊತ್ತಾಗತ್ತೆ, ಬಣ್ಣನೂ ಕೆಂಪು. ಬೇಸಿಗೇಲಿ ಚೆನ್ನಾಗಿದ್ರೂ ಬಂದರು, ಬೋಟಿನ ಡೀಸೆಲ್ಲು ಇದ್ದಿದ್ದೇ. ಅದೂ ಅಲ್ದೆ ಆ ನೀರಲ್ಲಿ ಕಣ್ಣಿಗೆ ಕಾಣದ ಜೀವಿಗಳು ಇರ್ತವೆ, ಕ್ಯಾನಲ್ಲಿ ಮುಚ್ಚಿಟ್ಟು 250 ಕಿ.ಮೀ. ಘಾಟಿ ಹತ್ಸಿ ತರೋಷ್ಟರಲ್ಲಿ ಅರ್ಧ ಸತ್ತು ಕೊಳ್ಯೋಕೆ ಶುರು ಆಗಿರ್ತವೆ. ಭಾವನಿಗೆ ಹೇಳಿ ಬಂಗುಡೆ ತರಕ್ಕೆ, ನೀರು ಬೇಡ.

ಅಕ್ವೇರಿಯಂಗೆ ಅಂತಾನೇ ಬರೋ ಮರೈನ್ ಸಾಲ್ಟ್ ತಗೊಳ್ಳಿ. ಅಡುಗೆ ಉಪ್ಪು, ಕಲ್ಲುಪ್ಪು ಆಗಲ್ಲ, ಯಾಕಂದ್ರೆ ಅದು ಹೆಚ್ಚುಕಮ್ಮಿ ಬರೀ ಸೋಡಿಯಂ ಕ್ಲೋರೈಡು, ಸಮುದ್ರದಲ್ಲಿ ಇರೋ ಮೆಗ್ನೀಷಿಯಂ, ಕ್ಯಾಲ್ಸಿಯಂ, ಪೊಟ್ಯಾಷಿಯಂ, ಬೈಕಾರ್ಬೊನೇಟ್ ಅದ್ರಲ್ಲಿ ಸಿಗಲ್ಲ. ಲೀಟರಿಗೆ 35 ರಿಂದ 38 ಗ್ರಾಂ ಬೇಕಾಗತ್ತೆ, ಅಂದ್ರೆ ನಿಮ್ಮ ಟ್ಯಾಂಕಿಗೆ ಮೊದಲ ಸಲ ಮೂರೂಮುಕ್ಕಾಲು ಕೆಜಿ ಹತ್ರ. ಆಮೇಲೆ ವಾರಕ್ಕೆ 10 ಲೀಟರ್ ನೀರು ಬದಲಾಯಿಸ್ತಾ ಹೋದ್ರೆ ತಿಂಗಳಿಗೆ ಒಂದೂವರೆ ಕೆಜಿ ಸಾಕು. ಬೇರೆ ಡ್ರಮ್ಮಲ್ಲಿ ಮೋಟಾರ್ ಬಿಟ್ಟು ಒಂದು ದಿನ ಕಲಸಿ, ಮೀನಿರೋ ಟ್ಯಾಂಕಿಗೆ ನೇರವಾಗಿ ಉಪ್ಪು ಸುರೀಬೇಡಿ. ಉಪ್ಪಿನ ಪ್ಯಾಕೆಟ್ ಒಡೆದ ಮೇಲೆ ಗಟ್ಟಿ ಮುಚ್ಚಳದ ಡಬ್ಬಕ್ಕೆ ಹಾಕಿ, ಜೂನ್ ಜುಲೈ ಥಂಡಿಗೆ ಬೆಲ್ಲದ ಅಚ್ಚಿನ ಹಾಗೆ ಗಟ್ಟಿಯಾಗ್ಬಿಡತ್ತೆ.

ಉಪ್ಪಿನ ಅಳತೆಗೆ ರಿಫ್ರಾಕ್ಟೋಮೀಟರ್ (ಒಂದು ಹನಿ ನೀರು ಹಾಕಿ ಬೆಳಕಿಗೆ ಹಿಡಿದು ನೋಡೋ ಕೊಳವೆ) ತಗೊಳ್ಳಿ, ಆ ಪ್ಲಾಸ್ಟಿಕ್ ಮುಳ್ಳಿನ ಹೈಡ್ರೋಮೀಟರ್ ಬೇಡ, ಮುಳ್ಳಿಗೆ ಒಂದು ಗಾಳಿಗುಳ್ಳೆ ಅಂಟಿದ್ರೂ ಜಾಸ್ತಿ ತೋರ್ಸತ್ತೆ. 35 ಪಿಪಿಟಿ (ಸಾವಿರ ಭಾಗದಲ್ಲಿ 35 ಭಾಗ ಉಪ್ಪು) ಬರ್ಬೇಕು, ಸಾಂದ್ರತೆ ಲೆಕ್ಕದಲ್ಲಿ 1.026.

---

ಆಲೆಮನೆ ಹುಡ್ಗ (ಮಂಡ್ಯ)

ಅಣ್ಣ, ನಮ್ದು ಮಂಡ್ಯ ಪಕ್ಕ ಹಳ್ಳಿ. ಟ್ಯಾಂಕ್ ಇಕ್ಕಿ ಎರಡು ವರ್ಷ ಆಯ್ತು, ನಿಮ್ದೇ ಸೈಜು. ಮೇಲಿನ ಅಣ್ಣ ಹೇಳಿರೋದೆಲ್ಲ ಸರಿ ಕಣಣ್ಣ, ನಾನು ಒಂದೇ ಒಂದು ವಿಷ್ಯ ಹೇಳ್ಬುಡ್ತೀನಿ, ಯಾಕಂದ್ರೆ ಅದ್ರಲ್ಲಿ ನಾನು ಪೆಟ್ಟು ತಿಂದಿವ್ನಿ.

ಮೊದಲ್ನೇ ಬೇಸಿಗೆ, ಏಪ್ರಿಲ್ ತಿಂಗ್ಳು. ಸೆಕೆ ಅಂತ ಟ್ಯಾಂಕ್ ಮೇಲ್ಕಡೆ ಸಣ್ಣ ಫ್ಯಾನ್ ಕಟ್ಟಿದ್ದೆ, ದಿನಕ್ಕೆ ಎರಡು ಲೀಟರ್ ನೀರು ಇಳ್ದೋಗದು. ನಾನು ಏನ್ ಮಾಡ್ತಿದ್ದೆ, ಕಮ್ಮಿ ಆದಷ್ಟಕ್ಕೆ ಡ್ರಮ್ಮಲ್ಲಿ ಕಲ್ಸಿ ಮಡಗಿದ್ದ ಉಪ್ಪುನೀರ್ನೇ ತಂದು ತುಂಬ್ತಿದ್ದೆ. ಉಪ್ಪುನೀರಿನ ಟ್ಯಾಂಕಲ್ವಾ, ಉಪ್ಪುನೀರೇ ಹಾಕ್ಬೇಕು ಅನ್ಕೊಂಡಿದ್ದೆ. ಹತ್ತು ದಿನ ಆಯ್ತು, ಕ್ಲೌನ್ ಎರಡೂ ಮೋಟಾರ್ ಪಕ್ಕ ಮೂಲೇಲಿ ನಿಂತ್ಕೊಂಡು ಕಿವಿರು ಪಟಪಟ ಬಡಿತಾವೆ, ಊಟ ಹಾಕಿದ್ರೆ ತಿರ್ಗಿನೂ ನೋಡಾಕಿಲ್ಲ. ಕ್ಲೀನರ್ ಸೀಗಡಿ ಒಂದಿತ್ತು, ಬೆಳಿಗ್ಗೆ ಎದ್ದು ನೋಡ್ತೀನಿ, ಕಲ್ ಸಂದೀಲಿ ಮಕಾಡೆ ಬಿದ್ದೈತೆ. ರಿಫ್ರಾಕ್ಟೋಮೀಟರ್ ಹಿಡ್ದು ಕಿಟಕಿ ಕಡೆ ನೋಡಿದ್ರೆ ನೀಲಿ ಗೆರೆ 42ರ ಮೇಲೆ ಕುಂತೈತೆ!

ಆವಿ ಆಗೋದು ನೀರು ಒಂದೇ ಕಣಣ್ಣ, ಉಪ್ಪು ಅಲ್ಲೇ ಉಳ್ಕತದೆ. ಆಲೆಮನೇಲಿ ಕೊಪ್ಪರಿಗೆಗೆ ಕಬ್ಬಿನ ಹಾಲು ಹುಯ್ದು ಕಾಯ್ಸಲ್ವಾ, ನೀರೆಲ್ಲ ಹಬೆ ಆಗಿ ಹೋಯ್ತದೆ, ಸೀ ಮಾತ್ರ ಉಳ್ದು ಪಾಕ ಗಟ್ಟಿ ಆಯ್ತಾ ಬತ್ತದೆ, ಟ್ಯಾಂಕಲ್ಲೂ ಅದೇ ನಡಿಯಾದು. ನಾನು ದಿನಾ 70 ಗ್ರಾಂ ಉಪ್ಪು ಹೆಚ್ಚಿಗೆ ಹಾಕ್ತಾ ಬಂದಿದ್ದೆ. ಆಮೇಲೆ ದಿನಕ್ಕೆ ಸ್ವಲ್ಪ ಸ್ವಲ್ಪ ಟ್ಯಾಂಕ್ ನೀರು ತಗ್ದು ಸಪ್ಪೆ ಆರ್‌ಓ ನೀರು ಹಾಕಿ, ಐದಾರು ದಿನದಲ್ಲಿ 35ಕ್ಕೆ ತಂದೆ. ಕ್ಲೌನ್ ಬದುಕ್ಕೊಂಡ್ವು, ಸೀಗಡಿ ಹೋಯ್ತು. ಅವತ್ತಿಂದ ಗಾಜಿನ ಮೇಲೆ ಮಾರ್ಕರಲ್ಲಿ ಗೆರೆ ಎಳ್ದು ಮಡ್ಗಿವ್ನಿ, ದಿನಾ ಬೆಳಿಗ್ಗೆ ಹಲ್ಲುಜ್ಜೋ ಮುಂಚೆ ಗೆರೆಗಂಟ ಸಪ್ಪೆ ನೀರು ಹಾಕ್ತೀನಿ. ಉಪ್ಪುನೀರು ವಾರಕ್ಕೊಂದ್ ಸಲ ನೀರು ಬದ್ಲಾಯ್ಸೋವಾಗ ಮಾತ್ರ.

ಚಿಲ್ಲರ್ ನಂಗಿಲ್ಲ. ಫ್ಯಾನಲ್ಲೇ ಎರಡ್ಮೂರು ಡಿಗ್ರಿ ಇಳೀತದೆ. 25, 26 ಇದ್ರೆ ಚೆಂದ, ಮೀನಷ್ಟೇ ಇದ್ರೆ 28ರ ತಂಕ ತಡ್ಕತವೆ. ಪಡುವಣ ಬಿಸ್ಲು ಬೀಳೋ ಗೋಡೆಗೆ ಮಾತ್ರ ಇಕ್ಬೇಡಿ. ಡಿಸೆಂಬರಲ್ಲಿ ರಾತ್ರಿ ಹೊತ್ತು ಹೀಟರೂ ಬೇಕಾಯ್ತದೆ, 100 ವ್ಯಾಟ್ ಸಾಕು.

ಕರೆಂಟು ಹೋದ್ರೆ ನೀರು ಅಲ್ಲಾಡಾಕಿಲ್ಲ, ಸೆಕೇಲಿ ನೀರಲ್ಲಿ ಆಮ್ಲಜನಕ ಮೊದ್ಲೇ ಕಮ್ಮಿ ಇರ್ತದೆ. ಮೋಟಾರ್ ಒಂದನ್ನ ಯುಪಿಎಸ್ ಲೈನಿಗೆ ಹಾಕ್ಸಿ, ಇಲ್ಲಾಂದ್ರೆ ಬ್ಯಾಟರಿ ಏರ್ ಪಂಪ್ ಒಂದು ಮಡಿಕ್ಕೊಳ್ಳಿ.

ಇನ್ನೊಂದು, ನಿಮ್ಮತ್ರ ಬ್ಲ್ಯಾಕ್ ಮಾಲಿ ಅವೆ ಅಂದ್ರಲ್ಲ, ಅವು ಸಿಹಿನೀರಲ್ಲೂ ಇರ್ತವೆ, ನಿಧಾನಕ್ಕೆ ಉಪ್ಪು ಏರಿಸ್ಕೊಂಡು ಹೋದ್ರೆ ಸಮುದ್ರದ ನೀರಲ್ಲೂ ಇರ್ತವೆ. ನಮ್ದ್ರಲ್ಲಿ ಎರಡು ಅವೆ, ಮರಿನೂ ಹಾಕವೆ, ಕಲ್ಲಿನ ಮೇಲಿನ ಪಾಚಿ ಕೆರ್ಕೊಂಡ್ ತಿಂತಾವೆ.

---

ಬ್ಯೂರೆಟ್ (ಸರಸ್ವತಿಪುರಂ, ಮೈಸೂರು)

ನಾನು ಪಿಯು ಕಾಲೇಜಲ್ಲಿ ಕೆಮಿಸ್ಟ್ರಿ ಪಾಠ ಮಾಡ್ತೀನಿ, ನಾಲ್ಕು ವರ್ಷದಿಂದ ಒಂದು ಚಿಕ್ಕ ಮರೈನ್ ಟ್ಯಾಂಕ್ ಇದೆ. ನೀರಿನ ಬಗ್ಗೆ ಎರಡು ಮಾತು ಸೇರಿಸ್ತೀನಿ.

ನಿಮ್ಮ ಮನೆ ಆರ್‌ಓ ನೀರನ್ನ ಹಂಗೇ ನಂಬ್ಬೇಡಿ. ಕುಡಿಯೋ ನೀರಿನ ಫಿಲ್ಟರಲ್ಲಿ ರುಚಿಗೆ ಅಂತ ಸ್ವಲ್ಪ ಹಸಿ ನೀರನ್ನ ವಾಪಸ್ ಬೆರೆಸೋ ಟಿಡಿಎಸ್ (ನೀರಲ್ಲಿ ಕರಗಿರೋ ಲವಣಗಳ ಪ್ರಮಾಣ) ಸ್ಕ್ರೂ ಇರತ್ತೆ, ಜೊತೆಗೆ ಮಿನರಲ್ ಕಾರ್ಟ್ರಿಜ್. ಈಗ ಬರೋ ಎಷ್ಟೋ ಮಾಡೆಲ್‌ಗಳಲ್ಲಿ ತಾಮ್ರ ಸೇರಿಸೋ ಕಾರ್ಟ್ರಿಜ್ ಬೇರೆ. ಮನುಷ್ಯರಿಗೆ ಅದು ಸರಿ ಇರಬಹುದು, ಆದ್ರೆ ಸೀಗಡಿ, ಬಸವನಹುಳು, ಏಡಿ ಇವಕ್ಕೆಲ್ಲ ತಾಮ್ರ ತೀರಾ ಕಮ್ಮಿ ಪ್ರಮಾಣದಲ್ಲೂ ವಿಷ. ಮೆಕ್ಯಾನಿಕ್‌ಗೆ ಹೇಳಿ ಮೆಂಬ್ರೇನ್ (ನೀರು ಸೋಸೋ ಪೊರೆ) ಆದ ಮೇಲೆ ಬರೋ ಪೈಪಿಗೆ ಒಂದು ಟಿ ಹಾಕ್ಸಿ, ಮಿನರಲ್ಲು ತಾಮ್ರ ಯಾವುದೂ ಸೇರೋಕೆ ಮುಂಚೆ ನೀರು ಹಿಡೀರಿ, ಅದಕ್ಕೆ ಉಳಿದ ಲವಣನೂ ಹಿಡ್ಕೊಳ್ಳೋ ಒಂದು ಡಿಐ ರೆಸಿನ್ ಕಾರ್ಟ್ರಿಜ್ ಸೇರಿಸಿದ್ರೆ ಟಿಡಿಎಸ್ ಮೀಟರ್ ಸೊನ್ನೆ ತೋರ್ಸತ್ತೆ. ಅದೇ ಕಾರಣಕ್ಕೆ ಉಪ್ಪು ಕಲಸೋಕೆ ಅಜ್ಜಿ ಕಾಲದ ತಾಮ್ರದ ಹಂಡೆ, ಹಿತ್ತಾಳೆ ಕೊಳಗ ಮುಟ್ಟಲೇಬೇಡಿ, ಪ್ಲಾಸ್ಟಿಕ್ ಡ್ರಮ್ಮೇ ಸಾಕು.

ಎರಡನೇದು ಸೈಕ್ಲಿಂಗ್, ಅಂದ್ರೆ ಮೀನು ಬಿಡೋಕೆ ಮುಂಚೆ ಹೊಲಸು ಕರಗಿಸೋ ಬ್ಯಾಕ್ಟೀರಿಯಾನ ಟ್ಯಾಂಕಲ್ಲಿ ಬೆಳೆಸೋದು. ಸಿಹಿನೀರಿನ ಟ್ಯಾಂಕ್ ಆರು ವರ್ಷ ನಡ್ಸಿದೀರ ಅಂದ್ರೆ ನಿಮಗೆ ಗೊತ್ತೇ ಇರತ್ತೆ, ಮೀನಿನ ಹೊಲಸು ಅಮೋನಿಯಾ ಆಗತ್ತೆ, ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡತ್ತೆ, ಇನ್ನೊಂದು ಗುಂಪು ನೈಟ್ರೇಟ್ ಮಾಡತ್ತೆ. ಆದ್ರೆ ಇಲ್ಲಿ ಒಂದು ವ್ಯತ್ಯಾಸ ಇದೆ, ದಯವಿಟ್ಟು ಗಮನ ಇಟ್ಟು ಓದಿ. ಅಮೋನಿಯಾ ನೀರಲ್ಲಿ ಎರಡು ರೂಪದಲ್ಲಿ ಇರತ್ತೆ, ಅಮೋನಿಯಂ ಅಷ್ಟೇನೂ ತೊಂದ್ರೆ ಕೊಡಲ್ಲ, ಬಿಡಿ ಅಮೋನಿಯಾ ಕಿವಿರನ್ನ ಸುಡತ್ತೆ. ಪಿಎಚ್ 7 ಇರೋ ಸಿಹಿನೀರಲ್ಲಿ ಈ ಬಿಡಿ ರೂಪ ಶೇ. 1ಕ್ಕಿಂತ ಕಮ್ಮಿ. ಸಮುದ್ರದ ನೀರಿನ ಪಿಎಚ್ 8.2 ಹತ್ರ, ಅಲ್ಲಿ ಅದು ಸುಮಾರು ಹತ್ತು ಪಟ್ಟು ಜಾಸ್ತಿ. ಅಂದ್ರೆ ನಿಮ್ಮ ಗಪ್ಪಿ ಟ್ಯಾಂಕಲ್ಲಿ ಮೀನು ಹೇಗೋ ತಡ್ಕೊಳ್ಳೋ ಅಷ್ಟೇ ಅಮೋನಿಯಾ ಇಲ್ಲಿ ಮೀನನ್ನ ಕೊಲ್ಲತ್ತೆ. ಇವತ್ತೇ ನೀರು ಇವತ್ತೇ ಮೀನು ಅಂತ ಯಾರಾದ್ರೂ ಹೇಳಿದ್ರೆ ನನಗೆ ಸಿಟ್ಟು ಬರೋದು ಇದಕ್ಕೇ.

ನಾಲ್ಕರಿಂದ ಆರು ವಾರ ಮೀನಿಲ್ದೆ ಕಾಯ್ಲೇಬೇಕು. ಮಾರ್ಕೆಟ್ಟಿಂದ ಹಸಿ ಸೀಗಡಿ ಒಂದು ತಂದು (ಉಪ್ಪು ಖಾರ ಏನೂ ಹಾಕಿರ್ಬಾರ್ದು) ಹಳೇ ಕಾಲ್ಚೀಲದಲ್ಲಿ ಕಟ್ಟಿ ಟ್ಯಾಂಕಲ್ಲಿ ಬಿಡಿ, ಕೊಳೆತು ಅಮೋನಿಯಾ ಕೊಡತ್ತೆ. ಅಮೋನಿಯಂ ಕ್ಲೋರೈಡ್ ಸಿಕ್ರೆ ಇನ್ನೂ ಅಚ್ಚುಕಟ್ಟು, ಅಮೋನಿಯಾ 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ಬರೋ ಹಾಗೆ ಹಾಕಿ. ಅಷ್ಟು ಹಾಕಿದ ಮೇಲೆ 24 ಗಂಟೇಲಿ ಅಮೋನಿಯಾನೂ ನೈಟ್ರೈಟೂ ಸೊನ್ನೆಗೆ ಬಂದ್ರೆ ಟ್ಯಾಂಕ್ ತಯಾರು.

ಆ ಕೋಣೇಲಿ ಸೊಳ್ಳೆ, ಜಿರಲೆ ಸ್ಪ್ರೇ ಹೊಡೀಬೇಡಿ, ಅದ್ರಲ್ಲಿರೋ ಪೈರೆಥ್ರಾಯ್ಡ್ ಮೀನಿಗೂ ಸೀಗಡಿಗೂ ಘೋರ ವಿಷ. ಬದಲಾಯಿಸಿದ ಹಳೇ ಉಪ್ಪುನೀರನ್ನ ಬಚ್ಚಲಿಗೆ ಚೆಲ್ಲಿ. ನಮ್ಮತ್ತೆಯವ್ರು ಗೊತ್ತಿಲ್ದೆ ಒಂದು ಬಕೆಟ್ ಮಲ್ಲಿಗೆ ಬುಡಕ್ಕೆ ಹಾಕಿದ್ರು, ವಾರದಲ್ಲಿ ಎಲೆ ತುದಿಯಿಂದ ಸುಟ್ಟ ಹಾಗೆ ಆಗಿ ಗಿಡ ಹೋಯ್ತು, ಹನ್ನೆರಡು ವರ್ಷದ ಗಿಡ.

---

ಸಂಪಿಗೆಮರ

ಎಲ್ರಿಗೂ ತುಂಬಾ ತುಂಬಾ ಧನ್ಯವಾದ, ಇಷ್ಟು ಸಮಯ ಕೊಟ್ಟು ಬರೀತೀರ ಅಂತ ಅನ್ಕೊಂಡಿರ್ಲಿಲ್ಲ. ಮೇಡಂ ಹೇಳಿದ ಹಾಗೆ ಫಿಲ್ಟರ್ ಬಿಚ್ಚಿಸಿ ನೋಡ್ದೆ, ನಿಜವಾಗ್ಲೂ ತಾಮ್ರದ ಕಾರ್ಟ್ರಿಜ್ ಇದೆ! ಪೈಪ್ ಬೇರೆ ಮಾಡ್ಸಿದೀನಿ.

ಇನ್ನೊಂದು ಡೌಟು. ಹೋದ ವರ್ಷ ರಾಮೇಶ್ವರಕ್ಕೆ ಹೋದಾಗ ಅಲ್ಲಿ ಬೀದೀಲಿ ಮಾರ್ತಿದ್ದ ಬಿಳಿ ಹವಳದ ತುಂಡುಗಳನ್ನ ಸಂಬಂಧಿಕರು ತಂದಿದ್ರು, ಈಗ ನಮ್ಮನೇಲೇ ಇದೆ. ಅದನ್ನ ತೊಳ್ದು ಟ್ಯಾಂಕಿಗೆ ಹಾಕ್ಬಹುದಾ? ಕಲ್ಲಿಗೆ ದುಡ್ಡು ಉಳಿಯತ್ತೆ ಅಂತ.

---

ಕಡಲ್ಮನೆ

ಬೇಡ ಸರ್. ಹವಳದ ದಿಬ್ಬ ಕಟ್ಟೋ ಎಲ್ಲಾ ಜಾತಿ ಹವಳನೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಶೆಡ್ಯೂಲ್ 1ರಲ್ಲಿದೆ, ಸಮುದ್ರಕುದುರೆನೂ ಅದೇ ಪಟ್ಟೀಲಿದೆ. ಆನೆ, ಹುಲಿ ಇರೋ ಪಟ್ಟಿ ಅದು. ಸತ್ತು ಬೆಳ್ಳಗಾಗಿದ್ರೂ ಲೆಕ್ಕ ಒಂದೇ, ಮಾರೋದೂ ಇಟ್ಕೊಳ್ಳೋದೂ ಅಪರಾಧ. ನಮ್ಮ ದೇಶದಲ್ಲಿ ಹವಳ ಇರೋದೇ ನಾಲ್ಕು ಕಡೆ ಮುಖ್ಯವಾಗಿ, ಮನ್ನಾರ್ ಕೊಲ್ಲಿ, ಕಛ್, ಲಕ್ಷದ್ವೀಪ, ಅಂಡಮಾನ್. ಒಬ್ಬೊಬ್ರು ಒಂದೊಂದು ತುಂಡು ತಂದ್ರೂ ಏನಾಗತ್ತೆ ಯೋಚ್ನೆ ಮಾಡಿ. ಅರಣ್ಯ ಇಲಾಖೆಯವ್ರಿಗೆ ಒಪ್ಸಿಬಿಡಿ.

ಟ್ಯಾಂಕಿಗೆ ಸಿರಾಮಿಕ್ ರಾಕ್ ಅಥವಾ ಸಿಮೆಂಟಲ್ಲಿ ಮಾಡಿದ ಕೃತಕ ರಾಕ್ ಸಿಗತ್ತೆ, 8-10 ಕೆಜಿ ಸಾಕು. ಮರಳಿಗೆ ಮುಂಚೆ ಕಲ್ಲು ಜೋಡಿಸಿ, ಗಾಜಿನ ತಳದ ಮೇಲೆ ನೇರ ಕೂರ್ಬೇಕು, ಇಲ್ಲಾಂದ್ರೆ ಮೀನು ಮರಳು ತೋಡಿದಾಗ ಕಲ್ಲು ಜಾರಿ ಗಾಜು ಒಡೆಯತ್ತೆ. ಮೊದಲ ವರ್ಷ ಅನಿಮೋನ್ (ಕ್ಲೌನ್ ಮೀನು ಮನೆ ಮಾಡ್ಕೊಳ್ಳೋ ಸಮುದ್ರ ಜೀವಿ) ಆಸೆನೂ ಬಿಡಿ, ಅದಕ್ಕೆ ಹಳೇ ಟ್ಯಾಂಕು, ಜೋರು ಲೈಟು ಬೇಕು. ಅದಿಲ್ದೇನೂ ಕ್ಲೌನ್ ಮೀನು ಆರಾಮಾಗಿರತ್ತೆ.

ಮೀನು ತಗೊಳ್ಳೋವಾಗ ಟ್ಯಾಂಕಲ್ಲೇ ಮರಿ ಮಾಡ್ಸಿದ್ದು ಕೇಳಿ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವ್ರು ತಮಿಳ್ನಾಡಿನ ಮಂಡಪಂ ಕೇಂದ್ರದಲ್ಲಿ ಕ್ಲೌನ್ ಮರಿ ಮಾಡ್ಸೋದನ್ನ ಯಾವಾಗ್ಲೋ ಸಾಧಿಸಿದಾರೆ, ಹಾಗಾಗಿ ಸಮುದ್ರದಿಂದ ಹಿಡಿದಿದ್ದೇ ಬೇಕು ಅಂತೇನಿಲ್ಲ. ಎರಡು ಚಿಕ್ಕ ಮರಿ ಒಟ್ಟಿಗೆ ತನ್ನಿ. ಎಲ್ಲಾ ಕ್ಲೌನೂ ಹುಟ್ಟೋದು ಗಂಡಾಗಿ, ಜೋಡೀಲಿ ಯಾವುದು ದೊಡ್ಡದಾಗಿ ಜೋರು ಮಾಡತ್ತೋ ಅದು ಹೆಣ್ಣಾಗತ್ತೆ. ಮಗಳಿಗೆ ಇದನ್ನ ತೋರ್ಸಿ, ತಿಂಗಳು ತಿಂಗಳು ಅಳತೆ ಬರೀಲಿ. ಚೆನ್ನಾಗಿ ನೋಡ್ಕೊಂಡ್ರೆ ಹತ್ತು ವರ್ಷದ ಮೇಲೂ ಬದುಕ್ತವೆ, ಅವಳು ಪಿಯುಸಿ ಮುಗಿಸೋವರೆಗೂ ಇರ್ತವೆ.

---

ಸಂಪಿಗೆಮರ (ಆರು ವಾರ ಆದ್ಮೇಲೆ)

ಅಪ್ಡೇಟ್ ಕೊಡೋಣ ಅಂತ. ಹವಳದ ತುಂಡು ಒಪ್ಸಿ ಬಂದೆ. ಸೀಗಡಿ ಕಟ್ಟಿದ ಮೂರನೇ ದಿನ ನಾತ ಬಂತು, ಮನೆಯವ್ರು ಬೈದ್ರೂ ತಡ್ಕೊಂಡ್ವಿ. ಎರಡನೇ ವಾರ ಅಮೋನಿಯಾ ಟೆಸ್ಟ್ ಟ್ಯೂಬ್ ಕಡು ಹಸಿರು, ಮಗಳು ದಿನಾ ಶಾಲೆಯಿಂದ ಬಂದು ಹನಿ ಎಣಿಸಿ ಹಾಕಿ, ಐದು ನಿಮಿಷ ಟ್ಯೂಬನ್ನೇ ನೋಡ್ಕೊಂಡು ಕೂತು, ಕ್ಯಾಲೆಂಡರಲ್ಲಿ ಆ ಬಣ್ಣದ ಕ್ರಯಾನಲ್ಲೇ ಚುಕ್ಕೆ ಇಡ್ತಾಳೆ. ಹಸಿರು ಚುಕ್ಕೆ ತಿಳಿ ಆಗ್ತಾ ಆಗ್ತಾ ಹೋದ ಭಾನುವಾರದಿಂದ ಬರೀ ಹಳದಿ. ನಡುವೆ ನಾಲ್ಕನೇ ವಾರ ಮರಳು ಕಲ್ಲು ಎಲ್ಲಾ ಕಂದು ಬಣ್ಣದ ಧೂಳು ಮುಚ್ಕೊಂಡಿತ್ತು, ಗಾಬರಿ ಆಗಿ ಮೇಡಂಗೆ ಮೆಸೇಜ್ ಮಾಡ್ದೆ, ಡಯಾಟಮ್ ಅನ್ನೋ ಕಂದು ಪಾಚಿ ಅದು, ಹೊಸ ಟ್ಯಾಂಕಲ್ಲಿ ಬಂದು ಹೋಗತ್ತೆ ಅಂದ್ರು, ಹಾಗೇ ಹೋಯ್ತು. ಉಪ್ಪು 35, ಟೆಂಪರೇಚರ್ 26. ಗಾಜಿನ ಮೇಲೆ ಗೆರೆನೂ ಎಳ್ದಿದೀನಿ, ಮಂಡ್ಯದ ತಮ್ಮನ ನೆನಪಿಗೆ.

ಈ ಶನಿವಾರ ಬೆಂಗಳೂರಿಂದ ಎರಡು ಮರಿ ತರ್ತಿದೀನಿ. ತಂದ ತಕ್ಷಣ ಏನ್ ಮಾಡ್ಬೇಕು?

---

ಬ್ಯೂರೆಟ್

ತುಂಬಾ ಖುಷಿ ಆಯ್ತು. ಕವರ್ ಬಿಚ್ಚಿದ ಕೂಡ್ಲೇ ಮೊದಲು ಆ ನೀರಿನ ಉಪ್ಪು ಅಳೀರಿ. ಎಷ್ಟೋ ಅಂಗಡೀಲಿ ಉಪ್ಪು ಉಳ್ಸೋಕೆ 28, 30 ಪಿಪಿಟಿಯಲ್ಲೇ ಇಟ್ಟಿರ್ತಾರೆ, ಅಲ್ಲಿಂದ ಒಂದೇ ಸಲ 35ಕ್ಕೆ ಹಾಕಿದ್ರೆ ಮೀನಿಗೆ ತಡ್ಕೊಳ್ಳೋಕಾಗಲ್ಲ. ಹಂಗಿದ್ರೆ ಪಕ್ಕದಲ್ಲಿ ಒಂದು ಚಿಕ್ಕ ಕ್ವಾರಂಟೈನ್ ಟಬ್ಬಲ್ಲಿ ಅಷ್ಟೇ ಉಪ್ಪಿನ ನೀರು ಮಾಡಿ ಬಿಟ್ಟು, ದಿನಕ್ಕೆ ಒಂದು ಒಂದೂವರೆ ಪಿಪಿಟಿ ಏರಿಸ್ತಾ ಬನ್ನಿ, ಹೀಟರ್ ಮತ್ತೆ ಏರ್ ಪಂಪ್ ಇರ್ಲಿ. ದಿನಾ ಅಮೋನಿಯಾ ನೋಡಿ. ಬಿಳಿ ಚುಕ್ಕೆ ಏನಾದ್ರೂ ಕಂಡ್ರೆ ಅಲ್ಲೇ ಗೊತ್ತಾಗತ್ತೆ, ದೊಡ್ಡ ಟ್ಯಾಂಕಿಗೆ ರೋಗ ಹೋಗಲ್ಲ. ಕವರಿನ ನೀರನ್ನ ಟ್ಯಾಂಕಿಗೆ ಸುರೀಬೇಡಿ.

---

ಆಲೆಮನೆ ಹುಡ್ಗ

ಅಣ್ಣ, ಮೊದ್ಲ ರಾತ್ರಿ ಲೈಟ್ ಆಫ್ ಮಾಡ್ಬುಡಿ, ಊಟನೂ ಹಾಕ್ಬೇಡಿ. ಮೇಲ್ಗಡೆ ಸೊಳ್ಳೆಪರದೆ ಬಲೆ ಬಿಗ್ದು ಕಟ್ಟಿ, ಹೊಸ ಜಾಗ ಅಂತ ನೆಗೆದ್ಬುಡ್ತವೆ. ಪಾಪು ಬೆಳಿಗ್ಗೆ ಎದ್ದ್ ತಕ್ಷಣ ಓಡ್ ಬತ್ತದೆ, ಗಾಜು ತಟ್ಟೋಕೆ ಬುಡ್ಬೇಡಿ ಅಷ್ಟೇ. ಫೋಟೋ ಹಾಕಿ.